ಹುಳ ಕಂಡ ಕೂಡಲೇ ಮದ್ದು ಕೇಳುವ ಮೊದಲು: ತೋಟದಿಂದ ಈ ವರ್ಷದ ಟಿಪ್ಪಣಿ

ಮಳೆ ಸ್ವಲ್ಪ ಬಿಡುವು ಕೊಟ್ಟಿದೆ. ಗೌರಿ ಹಬ್ಬ ಕಳೀತಿದ್ದ ಹಾಗೆ ನಮ್ಮ ಮೂಡಿಗೆರೆ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಆಳು ಸಿಗ್ತಾರಾ, ಇಲ್ವಾ. ಸಿಗೋ ನಾಲ್ಕು ಆಳಿನಲ್ಲಿ ಯಾವ ಕೆಲಸ ಮೊದಲು ಮಾಡಿಸಬೇಕು ಅನ್ನೋದು ಅದರ ಮುಂದಿನ ಪ್ರಶ್ನೆ. ಈ ಸಲದ ಬರಹ ಆ ಪ್ರಶ್ನೆಗೇ ಬಂದು ನಿಲ್ಲುತ್ತೆ. ಆದರೆ ಅಲ್ಲಿಗೆ ಹೋಗೋಕೆ ಮುಂಚೆ ಬೇಸಿಗೆಯಿಂದ ಇಲ್ಲಿವರೆಗೆ ತೋಟದಲ್ಲಿ ಕಂಡ ಮೂರ್ನಾಲ್ಕು ಹುಳಗಳ ಕತೆ ಹೇಳ್ಬೇಕು.

ತುಂಬಾ ಜನ ಫೋನ್ ಮಾಡ್ತಾರೆ. "ಗಿಡದಲ್ಲಿ ಬಿಳೀದು ಕೂತಿದೆ, ಯಾವ ಮದ್ದು ಹೊಡೀಲಿ?" ಅಂತ. ನಾನು ತಿರುಗಿ ಕೇಳೋದು ಒಂದೇ: "ಅದನ್ನು ತಿನ್ನೋರು ಯಾರಾದ್ರೂ ಬಂದಿದ್ದಾರಾ, ನೋಡಿದ್ರಾ?" ಕೆಲವರಿಗೆ ಸಿಟ್ಟು ಬರುತ್ತೆ. ಆದರೆ ಇದು ಉಪದೇಶಕ್ಕೆ ಕೇಳೋದಲ್ಲ, ಲೆಕ್ಕಕ್ಕೆ ಕೇಳೋದು. ಒಂದೊಂದು ಹುಳಕ್ಕೆ ಶತ್ರು ನಮ್ಮ ತೋಟದಲ್ಲೇ ಇರ್ತಾನೆ, ಅಲ್ಲಿ ದುಡ್ಡು ಖರ್ಚು ಮಾಡೋದು ದಂಡ. ಇನ್ನೊಂದಕ್ಕೆ ಶತ್ರು ಇದ್ದೂ ಇಲ್ಲದ ಹಾಗೆ, ಅಲ್ಲಿ ಪ್ರಕೃತಿ ನೋಡಿಕೊಳ್ಳುತ್ತೆ ಅಂತ ಕೈಕಟ್ಟಿ ಕೂತರೆ ತೋಟವೇ ಹೋಗುತ್ತೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕಾಗಲ್ಲ.

ಮೊದಲು ಹಿಟ್ಟು ತಿಗಣೆ.

ಮಾರ್ಚ್ ತಿಂಗಳು, ಹೂವಾಗಿ ಮುಗಿದಿತ್ತು. ರಸ್ತೆ ಪಕ್ಕದ ರೋಬಸ್ಟಾ ಪಟ್ಟೆಯಲ್ಲಿ ಗಂಟುಗಂಟಿಗೆ ಬಿಳಿ ಹಿಟ್ಟು ಮೆತ್ತಿದ ಹಾಗೆ ತಿಗಣೆ ಕೂತಿತ್ತು. ಗೊಂಚಲಿನ ಸಂದಿ, ಎಲೆ ತೊಟ್ಟು, ಎಳೆ ಚಿಗುರು, ಎಲ್ಲಾ ಕಡೆ. ಅದರ ಜೊತೆಗೆ ಇರುವೆ ಸಾಲು. ಎಲೆ ಮೇಲೆ ಅಂಟು, ಅಂಟಿನ ಮೇಲೆ ಕಪ್ಪು ಮಸಿ. ಬೇಸಿಗೆ ಬಿಸಿಲು ಒಣಗಿದಷ್ಟೂ ಇದು ಏರುತ್ತೆ ಅನ್ನೋದು ನಿಮಗೆಲ್ಲ ಗೊತ್ತೇ ಇದೆ. ಪಕ್ಕದ ತೋಟದವರು ಇಡೀ ಪಟ್ಟೆಗೆ ಹೊಡೆಸಿಬಿಡು ಅಂದರು. ನನ್ನ ತಮ್ಮನೂ ಅದನ್ನೇ ಅಂದ. "ಅಣ್ಣ, ಮಿಡಿ ಉದುರಿದ ಮೇಲೆ ನೋಡ್ತಾ ಕೂತರೆ ಏನು ಬಂತು?" ಅವನ ಮಾತಲ್ಲಿ ತಪ್ಪಿಲ್ಲ. ಆ ಪಟ್ಟೆಯ ಫಸಲಿನ ಮೇಲೇ ಸೊಸೈಟಿ ಸಾಲದ ಕಂತು ನಿಂತಿದೆ.

ಡ್ರಮ್ಮಿಗೆ ನೀರು ತುಂಬೋಕೆ ಮುಂಚೆ ನಮ್ಮ ಮೇಸ್ತ್ರಿ ಒಂದು ರೆಂಬೆ ಮುರಿದು ತಂದರು. "ಗೌಡ್ರೇ, ಇದು ಓಡ್ತದೆ ನೋಡಿ" ಅಂದರು. ಹಿಟ್ಟು ತಿಗಣೆಯ ಹಾಗೇ ಬಿಳಿ, ಮೈತುಂಬ ಮೇಣದ ಎಳೆ. ಆದರೆ ಗಾತ್ರ ತಿಗಣೆಯ ಎರಡು ಮೂರರಷ್ಟು, ಮುಟ್ಟಿದರೆ ಸರಸರ ಹೋಗುತ್ತೆ. ಅದೇ ಕ್ರಿಪ್ಟೋಲೀಮಸ್ ಅನ್ನೋ ಗುಲಗಂಜಿ ಹುಳದ ಮರಿ. ದೊಡ್ಡದಾದ ಮೇಲೆ ಇದರ ರೂಪವೇ ಬೇರೆ. ಕಡಲೆಕಾಳಿಗಿಂತ ಚಿಕ್ಕದು, ಮೈ ಕಪ್ಪು, ತಲೆ ಮತ್ತು ಹಿಂದಿನ ತುದಿ ಕಿತ್ತಳೆ ಬಣ್ಣ. ಮರಿಯೂ ತಿಗಣೆ ತಿನ್ನುತ್ತೆ, ದೊಡ್ಡದೂ ತಿನ್ನುತ್ತೆ. ತಿಗಣೆಯ ಮೊಟ್ಟೆ ಚೀಲದ ನಡುವೆಯೇ ಇದು ತನ್ನ ಮೊಟ್ಟೆ ಇಡುತ್ತೆ, ಮರಿ ಹೊರಬಂದ ಕೂಡಲೇ ಊಟ ಬಾಯಿಗೇ ಸಿಗಲಿ ಅಂತ.

ಈ ಹುಳ ನಮ್ಮ ಊರಿನದಲ್ಲ. ಆಸ್ಟ್ರೇಲಿಯಾದ್ದು. 1898ರಲ್ಲಿ ಕಾಫಿಯ ಹಸಿರು ತಿಗಣೆ ಹತೋಟಿಗೆ ಅಂತ ಇಂಡಿಯಾಕ್ಕೆ ತಂದರು. ತಂದ ಕೆಲಸಕ್ಕಿಂತ ಹಿಟ್ಟು ತಿಗಣೆ ತಿನ್ನೋದರಲ್ಲೇ ಇದು ಹೆಸರು ಮಾಡಿತು. ನಮ್ಮ ತಾತನ ಕಾಲಕ್ಕಿಂತ ಹಿಂದೆ ಹಡಗಲ್ಲಿ ಬಂದದ್ದು ಇವತ್ತು ನಮ್ಮ ಗಿಡದಲ್ಲಿ ದುಡೀತಿದೆ.

ಇನ್ನೊಬ್ಬ ನಮ್ಮ ನಾಡಿನವನೇ. ಕಂದು ಬಣ್ಣದ ಒಂದು ಪುಟ್ಟ ಚಿಟ್ಟೆ. ಬೇರೆ ಚಿಟ್ಟೆ ಮರಿಗಳು ಎಲೆ ತಿಂದರೆ ಇದರ ಮರಿ ಹಿಟ್ಟು ತಿಗಣೆ ತಿನ್ನುತ್ತೆ. ತಿಗಣೆಯ ಹಿಟ್ಟನ್ನೇ ಮೈಗೆ ಬಳಿದುಕೊಂಡು ಗುಂಪಿನ ನಡುವೆ ಮಲಗಿರುತ್ತೆ, ಕಣ್ಣಿಗೆ ಬೀಳೋದೇ ಕಷ್ಟ. ಅದು ಕೋಶಕ್ಕೆ ಹೋದಾಗ ನೋಡ್ಬೇಕು, ಥೇಟ್ ಮಂಗನ ಮುಖ. ಅದಕ್ಕೇ ಇಂಗ್ಲಿಷಿನವರು ಏಪ್ ಫ್ಲೈ ಅಂತ ಹೆಸರಿಟ್ಟಿದ್ದಾರೆ. ಎಲೆ ಮೇಲೆ ಕಾಳುಮೆಣಸಿನ ಗಾತ್ರದ ಮಂಗನ ಮುಖ ಕಂಡರೆ ಕೀಳಬೇಡಿ.

ತೊಂದರೆ ಏನಂದ್ರೆ, ಆಳುಗಳಿಗೆ ತಿಗಣೆ ಯಾವುದು, ತಿಗಣೆ ತಿನ್ನೋದು ಯಾವುದು ಅಂತ ಗೊತ್ತಾಗಲ್ಲ. ಚಿಗುರು ತೆಗೆಯುವಾಗ ದಪ್ಪ ಬಿಳಿ ಹುಳ ಕಂಡರೆ ಅದನ್ನೇ ಮೊದಲು ಹೊಸಕ್ತಾರೆ. ಅದಕ್ಕೆ ನಮ್ಮ ಮೇಸ್ತ್ರಿ ಎಲ್ಲರಿಗೂ ಒಂದು ಮಾತು ಹೇಳಿಟ್ಟಿದ್ದಾರೆ: "ಅಲ್ಲೇ ಕೂತದ್ದು ಕಳ್ಳ, ಓಡಿದ್ದು ಪೊಲೀಸು." ಚಿಟ್ಟೆ ಮರಿಗೆ ಈ ಮಾತು ಪೂರ್ತಿ ಒಪ್ಪಲ್ಲ, ಅದು ನಿಧಾನ. ಆದರೆ ಗುಲಗಂಜಿ ಮರಿ ಮಟ್ಟಿಗೆ ಇದಕ್ಕಿಂತ ಸುಲಭದ ಪಾಠ ಇಲ್ಲ.

ಹಾಗಾದರೆ ಹುಳ ಇದ್ದೂ ತಿಗಣೆ ಯಾಕೆ ಏರುತ್ತೆ? ಇರುವೆ. ತಿಗಣೆ ಬಿಡುವ ಸಿಹಿ ಅಂಟು ಇರುವೆಗೆ ಬೇಕು. ಅದಕ್ಕೇ ಅದು ತಿಗಣೆಯನ್ನು ನಾವು ದನ ಕಾಯೋ ಹಾಗೆ ಕಾಯುತ್ತೆ. ಗುಲಗಂಜಿ ಬಂದರೆ ಕಚ್ಚಿ ಓಡಿಸುತ್ತೆ, ಪರಾವಲಂಬಿ ಕಣಜ ಬಂದರೆ ಕೂರೋಕೆ ಬಿಡಲ್ಲ. ನಾವು ಇಡೀ ಗಿಡಕ್ಕೆ ವಿಷ ಹೊಡೆದರೆ ತಿಗಣೆಯೂ ಸಾಯುತ್ತೆ, ತಿನ್ನೋರೂ ಸಾಯ್ತಾರೆ. ಆದರೆ ಗಂಟಿನ ಸಂದಿಯಲ್ಲಿ, ಮೇಣದ ಚೀಲದೊಳಗೆ ಇರೋ ಮೊಟ್ಟೆ ಉಳಿಯುತ್ತೆ. ಆ ಮೊಟ್ಟೆ ಒಡೆದಾಗ ತಿನ್ನೋಕೆ ಯಾರೂ ಇಲ್ಲ. ಅದಕ್ಕೇ ಕೆಲವು ತೋಟದಲ್ಲಿ ಎರಡನೇ ಸುತ್ತು ಹೊಡೀಬೇಕಾಗಿ ಬರೋದು.

ನಾವು ಮಾಡಿದ್ದು ಇಷ್ಟು. ಇರುವೆ ಹತ್ತುವ ದಾರಿ ತಪ್ಪಿಸಿದ್ವಿ. ಗಿಡದ ಬುಡದ ಸುತ್ತ ಮಾತ್ರ ಇರುವೆ ಪುಡಿ, ನೆಲಕ್ಕೆ ತಾಗುವ ರೆಂಬೆಗಳನ್ನು ಕತ್ತರಿಸಿದ್ದು, ಮರದಿಂದ ಗಿಡಕ್ಕೆ ಸೇತುವೆಯಾಗಿದ್ದ ಬಳ್ಳಿ ಕಿತ್ತದ್ದು. ತಿಗಣೆ ವಿಪರೀತ ಇದ್ದು, ತಿನ್ನೋ ಹುಳ ಒಂದೂ ಕಾಣದ ಇಪ್ಪತ್ತು ಚಿಲ್ಲರೆ ಗಿಡಕ್ಕೆ ಮಾತ್ರ ಮೀನೆಣ್ಣೆ ಸೋಪು ಹೊಡೆಸಿದ್ವಿ. ಹನ್ನೆರಡು ಗಿಡಕ್ಕೆ ಕೆಂಪು ಬಟ್ಟೆ ಕಟ್ಟಿ ವಾರಕ್ಕೊಮ್ಮೆ ನಾನೇ ನೋಡ್ತಾ ಬಂದೆ. ಮೊದಲ ಎರಡು ವಾರ ಏನೂ ಬದಲಾಗಲಿಲ್ಲ, ತಮ್ಮ ಮಾತು ಬಿಟ್ಟಿದ್ದ. ಮೂರನೇ ವಾರ ಬಿಳಿ ಮರಿಗಳ ಸಂಖ್ಯೆ ಏರಿತು. ಏಪ್ರಿಲ್ ಕೊನೆ ಹೊತ್ತಿಗೆ ಹನ್ನೆರಡರಲ್ಲಿ ಒಂಬತ್ತು ಗಿಡದಲ್ಲಿ ಖಾಲಿ ಹಿಟ್ಟಿನ ಕಲೆ ಮಾತ್ರ ಉಳಿದಿತ್ತು. ಉಳಿದದ್ದನ್ನು ಮುಂಗಾರಿನ ಜೋರು ಮಳೆ ತೊಳೆದುಬಿಟ್ಟಿತು. ಮಿಡಿ ಒಂದಿಷ್ಟು ಉದುರಿದೆ, ಇಲ್ಲ ಅನ್ನಲ್ಲ. ಆದರೆ ಮದ್ದು, ಪೆಟ್ರೋಲು, ಆಳಿನ ಕೂಲಿ ಲೆಕ್ಕ ಹಾಕಿದರೆ ತಮ್ಮನೇ ಈಗ ಸುಮ್ಮನಿದ್ದಾನೆ.

ಚಗಳಿ ಬಗ್ಗೆ ಒಂದು ಮಾತು. ಎಲೆ ಹೆಣೆದು ಗೂಡು ಕಟ್ಟುವ ಈ ಕೆಂಪಿರುವೆ ಬೇರೆ ಹುಳಗಳನ್ನು ಬೇಟೆಯಾಡುತ್ತೆ, ಆದರೆ ತಿಗಣೆಯನ್ನು ಸಾಕುತ್ತೆ. ಕೊಯ್ಲಿನಲ್ಲಿ ಆಳುಗಳಿಗೆ ಕಚ್ಚುವ ಕಾಟ ಬೇರೆ. ಕಾಫಿ ಗಿಡದ ಮೇಲಿನ ಗೂಡನ್ನು ತೆಗೆಸ್ತೀನಿ, ಎತ್ತರದ ನೆರಳು ಮರದಲ್ಲಿ ಇದ್ದರೆ ಇರಲಿ ಅಂತ ಬಿಡ್ತೀನಿ.

ಎರಡನೇದು ಹಸಿರು ತಿಗಣೆ, ನಾವು ಗ್ರೀನ್ ಬಗ್ ಅನ್ನೋದು. ಎಲೆ ಹಿಂದೆ ನರದ ಉದ್ದಕ್ಕೆ ಅಂಟಿಕೊಂಡು ಕೂರುವ ಚಪ್ಪಟೆ ಹುಳ. ಇದರ ದೊಡ್ಡ ಶತ್ರು ಹುಳ ಅಲ್ಲ, ಬೂಸ್ಟು. ಮಳೆಗಾಲದಲ್ಲಿ ಎಲೆ ತಿರುಗಿಸಿ ನೋಡಿ. ಸತ್ತ ತಿಗಣೆಯ ಸುತ್ತ ಬಿಳಿ ಪ್ರಭಾವಳಿ ಥರ ಒಂದು ಬಳೆ ಕಾಣುತ್ತೆ. ಅದು ತಿಗಣೆಗೆ ಹತ್ತಿದ ರೋಗ. ತಂಪು, ತೇವ ಇದ್ದಷ್ಟು ದಿನ ಎಲೆಯಿಂದ ಎಲೆಗೆ ಹರಡುತ್ತೆ. ಬಿಳಿ ಬೂಸ್ಟು ಕಂಡು ಗಿಡಕ್ಕೇ ರೋಗ ಬಂತು ಅಂತ ಹೆದರೋರಿದ್ದಾರೆ, ಹೆದರಬೇಡಿ. ಬೋರ್ಡೋ ಹೊಡೆಯುವಾಗ ಮಾತ್ರ ಒಂದು ನೆನಪಿರಲಿ. ಅದು ಬೂಸ್ಟು ಕೊಲ್ಲುವ ಮದ್ದು. ಕೆಟ್ಟ ಬೂಸ್ಟು, ಒಳ್ಳೆ ಬೂಸ್ಟು ಅಂತ ಅದಕ್ಕೆ ಭೇದ ಇಲ್ಲ. ಎಲೆ ತುಕ್ಕಿಗೆ, ಕೊಳೆರೋಗಕ್ಕೆ ಬೋರ್ಡೋ ಬೇಕೇ ಬೇಕು, ಬಿಡೋಕಾಗಲ್ಲ. ಆದರೆ ಹುಳಕ್ಕೆ ರೋಗ ತರುವ ಬೂಸ್ಟಿನ ಪುಡಿ ತಂದು, ಅದರ ಹಿಂದೆಯೇ ಬೋರ್ಡೋ ಹೊಡೆದರೆ ತಂದ ದುಡ್ಡು ನೀರಿಗೆ ಹಾಕಿದ ಹಾಗೆ.

ಮೂರನೇದು ಕಾಯಿಕೊರಕ, ಬೆರ್ರಿ ಬೋರರ್. ಇಲ್ಲಿಂದ ಲೆಕ್ಕ ಬೇರೆಯಾಗುತ್ತೆ.

ಇದು ಆಫ್ರಿಕಾದ ಹುಳ. ಇಂಡಿಯಾದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರು ಕಡೆ. ಅಲ್ಲಿಂದ ಕೊಡಗು, ಹಾಸನ, ಚಿಕ್ಕಮಗಳೂರು ಅಂತ ಹಬ್ಬಿತು. ಸಾಸಿವೆಗಿಂತ ದೊಡ್ಡದಿಲ್ಲದ ಕಪ್ಪು ಹುಳ, ಕಾಯಿಯ ಹೊಕ್ಕಳಲ್ಲಿ ಸೂಜಿ ಚುಚ್ಚಿದ ಹಾಗೆ ತೂತು ಮಾಡಿ ಒಳಗೆ ಹೋಗುತ್ತೆ. ಒಳಗೇ ಮೊಟ್ಟೆ, ಒಳಗೇ ಮರಿ, ಒಳಗೇ ಮದುವೆ. ಗಂಡು ಹಾರಲ್ಲ, ಹುಟ್ಟಿದ ಕಾಯಲ್ಲೇ ಸಾಯುತ್ತೆ. ಹೆಣ್ಣು ಬಸುರಾಗಿಯೇ ಹೊರಗೆ ಬರುತ್ತೆ. ಅಂದ್ರೆ ಒಂದೇ ಒಂದು ಹೆಣ್ಣು ಹೊಸ ತೋಟಕ್ಕೆ ಬಂದರೂ ಸಂಸಾರ ಶುರುವಾಯ್ತು.

ಹುಳ ಬಂತು, ಅದರ ಶತ್ರುಗಳು ಆಫ್ರಿಕಾದಲ್ಲೇ ಉಳಿದರು. ಅದಕ್ಕೇ 1990ರ ದಶಕದಲ್ಲಿ ಕಾಫಿ ಬೋರ್ಡಿನವರು ಹೊರದೇಶದಿಂದ ಪುಟ್ಟ ಕಣಜ ತರಿಸಿ ಬಿಟ್ಟರು. ಆ ಕಣಜ ತೂತಿನಿಂದಲೇ ಕಾಯಿಯೊಳಗೆ ಹೋಗಿ ಕೊರಕದ ಮೊಟ್ಟೆ ತಿಂದು, ಬೆಳೆದ ಮರಿಯ ಮೈಮೇಲೆ ತನ್ನ ಮೊಟ್ಟೆ ಇಡುತ್ತೆ. ಬ್ಯುವೇರಿಯಾ ಅನ್ನೋ ಬೂಸ್ಟು ಕೂಡ ಇದೆ. ಮಳೆಗಾಲದಲ್ಲಿ ತೂತಿನ ಬಾಯಲ್ಲಿ ಹತ್ತಿಯ ಚೂರು ಸಿಕ್ಕಿಸಿದ ಹಾಗೆ ಬಿಳಿ ಕಂಡರೆ ಅದೇ, ಒಳಗೆ ಹೋಗ್ತಿದ್ದ ಕೊರಕ ಬಾಗಿಲಲ್ಲೇ ಸತ್ತಿದೆ. ನಮ್ಮ ತೋಟದ ತೇವದ ಹಳ್ಳದ ಬದಿಯಲ್ಲಿ ಈ ತಿಂಗಳು ಅಂಥ ಕಾಯಿ ಕಂಡಿದ್ದೇನೆ.

ಆದರೆ ಇವರನ್ನು ನಂಬಿ ಕೂರೋಕಾಗಲ್ಲ. ಕೊರಕ ಬದುಕುವುದೇ ಕಾಯಿಯ ಒಳಗೆ. ಕೊಯ್ಲು ಮುಗಿದ ಮೇಲೆ ನೆಲದಲ್ಲಿ, ಗಿಡದಲ್ಲಿ ಉಳಿದ ಒಣ ಕಾಯಿಯಲ್ಲಿ ಅದು ಬೇಸಿಗೆ ಕಳೆದು, ಹೂಮಳೆ ಬಿದ್ದ ಮೇಲೆ ಹೊರಗೆ ಬರುತ್ತೆ. ಆ ಕಾಯಿಗಳನ್ನು ಹೆಕ್ಕಿಸದೆ ಬಿಟ್ಟರೆ ಕಣಜಕ್ಕೂ ಮನೆ ಉಳಿಯುತ್ತೆ, ನಿಜ. ಆದರೆ ಕಣಜ ಒಂದು ಉಳಿದರೆ ಕೊರಕ ಎಷ್ಟೋ ಉಳಿಯುತ್ತೆ. ಹಾಗಾಗಿ ಇಲ್ಲಿ ನಾನು ಕೈಕೆಲಸದ ಪಕ್ಷ. ಕೊಯ್ಯುವಾಗ ಗಿಡದ ಕೆಳಗೆ ಚಾಪೆ ಹಾಸೋದು, ಉದುರು ಹೆಕ್ಕಿಸೋದು, ಹೊತ್ತಲ್ಲದ ಹೊತ್ತಿನಲ್ಲಿ ಹಣ್ಣಾದ ಕಾಯಿ ಕಿತ್ತು ತೆಗೆಯೋದು, ತೂತು ಬಿದ್ದ ಕಾಯಿಯನ್ನು ಕುದಿಯೋ ನೀರಿನಲ್ಲಿ ಎರಡು ಮೂರು ನಿಮಿಷ ಮುಳುಗಿಸಿ ಆಮೇಲೆ ಒಣಗಿಸೋದು. ಕಣದಲ್ಲಿ ಸರಿಯಾಗಿ ಒಣಗಿಸೋದೂ ಅಷ್ಟೇ ಮುಖ್ಯ. ತೇವಾಂಶ ಅರೇಬಿಕಾ ಪಾರ್ಚ್‌ಮೆಂಟಿಗೆ ಶೇಕಡಾ 10, ರೋಬಸ್ಟಾ ಪಾರ್ಚ್‌ಮೆಂಟಿಗೂ 10, ರೋಬಸ್ಟಾ ಚೆರ್ರಿಗೆ 11, ಅರೇಬಿಕಾ ಚೆರ್ರಿಗೆ 12ಕ್ಕಿಂತ ಮೇಲೆ ಇರಬಾರದು. ಹಸಿ ಕಾಫಿ ಮೂಟೆ ಕಟ್ಟಿದರೆ ಗೋಡೌನಿನಲ್ಲೂ ಕೊರಕದ ಸಂಸಾರ ನಡೀತಿರುತ್ತೆ. ಇಲ್ಲಿ ಕಣಜ, ಬೂಸ್ಟು ಎರಡೂ ನಮ್ಮ ಕೈಕೆಲಸಕ್ಕೆ ಹೆಗಲು ಕೊಡ್ತಾವೆ, ಅಷ್ಟೇ.

ಈಗ ನಾಲ್ಕನೇದು. ಇದಕ್ಕೋಸ್ಕರವೇ ಇಷ್ಟೆಲ್ಲ ಬರೆದದ್ದು. ಬಿಳಿ ಕಾಂಡಕೊರಕ. ನಾವು ಬರೀ ಬೋರರ್ ಅಂದರೆ ಇದೇ ಅರ್ಥ.

ನಮ್ಮಪ್ಪ ಹಾಕಿದ ಎರಡು ಎಕರೆ ಅರೇಬಿಕಾ ಮನೆ ಹಿಂದಿನ ಏರಿನಲ್ಲಿದೆ. ಆರಡಿಗೆ ಆರಡಿ ಅಂತರ, ಎಕರೆಗೆ ಸಾವಿರದ ಇನ್ನೂರು ಗಿಡ. ಹೋದ ವರ್ಷ ಅದರಲ್ಲಿ ಬೋರರ್ ಬಿದ್ದ 140 ಗಿಡ ಕಿತ್ತಿದ್ದೇವೆ. ತಮ್ಮ ಹೇಳೋದು: "ಅಣ್ಣ, ವರ್ಷಾ ವರ್ಷ ಕೀಳೋದಕ್ಕಿಂತ ಒಂದೇ ಸಲ ಎಲ್ಲ ತೆಗೆದು ರೋಬಸ್ಟಾ ಹಾಕಿಬಿಡೋಣ." ನಮ್ಮ ಸುತ್ತಮುತ್ತ ಎಷ್ಟೋ ಜನ ಹಾಗೇ ಮಾಡಿದ್ದಾರೆ. ರೋಬಸ್ಟಾಕ್ಕೆ ಈ ಬೋರರ್ ಕಾಟ ಇಲ್ಲ ಅನ್ನುವಷ್ಟು ಕಡಿಮೆ. ಅವನ ಮಾತು ತಳ್ಳಿಹಾಕೋ ಹಾಗಿಲ್ಲ. ಅಮ್ಮ ಮಾತ್ರ ಆ ಮಾತು ಬಂದಾಗೆಲ್ಲ ಎದ್ದು ಒಳಗೆ ಹೋಗ್ತಾರೆ.

ಹಿಟ್ಟು ತಿಗಣೆಗೆ ಗುಲಗಂಜಿ ಸಿಕ್ಕ ಹಾಗೆ ಬೋರರಿಗೆ ಯಾರೂ ಇಲ್ವಾ? ಇದ್ದಾರೆ. ಮರಿಯ ಮೇಲೆ ಬದುಕುವ ಒಂದೆರಡು ಜಾತಿ ಕಣಜ ಇವೆ. ಮರಕುಟಿಗವೂ ಕಾಂಡ ಕುಟ್ಟಿ ಮರಿ ತೆಗೆದು ತಿನ್ನುತ್ತೆ. ಆದರೆ ಮರಿ ಇರೋದು ಎಲ್ಲಿ? ಮೊದಲು ತೊಗಟೆ ಕೆಳಗೆ, ಆಮೇಲೆ ಗಟ್ಟಿ ಮರದ ಒಳಗೆ, ತಿಂಗಳುಗಟ್ಟಲೆ. ತಾನು ಕೊರೆದ ಸುರಂಗವನ್ನು ತನ್ನ ಹಿಂದೆಯೇ ಪುಡಿಯಿಂದ ಮುಚ್ಚಿಕೊಂಡು ಹೋಗುತ್ತೆ. ಅಲ್ಲಿಗೆ ಕಣಜ ತಲುಪೋದು ಕಷ್ಟ, ಮದ್ದು ತಲುಪೋದೂ ಅಷ್ಟೇ ಕಷ್ಟ. ಮರಕುಟಿಗ ಬಂದು ಕುಟ್ಟೋ ಹೊತ್ತಿಗೆ ಗಿಡದ ಆಯಸ್ಸು ಮುಗಿದಿರುತ್ತೆ. ಇಲ್ಲಿ ಮಿತ್ರಕೀಟ ನಂಬ್ಕೊಂಡರೆ ಆಗಲ್ಲ ಅಂತ ನೇರವಾಗಿ ಹೇಳ್ತೀನಿ.

ಆದರೆ ಬೋರರಿಗೆ ಆಗದ ವಸ್ತು ಒಂದಿದೆ, ನೆರಳು. ಹೆಣ್ಣು ದುಂಬಿ ಬಿಸಿಲು ಬೀಳುವ ಕಾಂಡ ಹುಡುಕಿ, ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತೆ. ನಾನು ಕಿತ್ತ 140 ಗಿಡ ಎಲ್ಲೆಲ್ಲಿ ಇದ್ದವು ಅಂತ ಒಂದು ಹಾಳೆಯಲ್ಲಿ ಗುರುತು ಹಾಕಿದೆ. ಹೆಚ್ಚಿನವು ಗಾಳಿಗೆ ಎರಡು ಅತ್ತಿಮರ ಬಿದ್ದು ಬಯಲಾದ ಜಾಗದಲ್ಲಿ, ಮತ್ತೆ ಬೇಲಿ ಬದಿಯ ಎರಡು ಸಾಲಿನಲ್ಲಿ. ನಡುವೆ ಹಾಲುವಾಣ, ಬಸರಿ, ಸಿಲ್ವರ್ ಸೇರಿ ದಟ್ಟ ನೆರಳಿರೋ ಕಡೆ ಬೆರಳೆಣಿಕೆಯಷ್ಟು. ತಮ್ಮನಿಗೆ ಆ ಹಾಳೆ ತೋರಿಸಿದೆ. ಒಂದು ಮಾತಿಗೆ ಬಂದಿದ್ದೇವೆ: ಬಯಲಾದ ಜಾಗಕ್ಕೆ ನೆರಳು ಗಿಡ ನೆಟ್ಟಾಗಿದೆ, ಮೂರು ವರ್ಷ ನೋಡೋದು. ವರ್ಷಕ್ಕೆ ಕೀಳುವ ಗಿಡ ಇಳಿಯದಿದ್ದರೆ ಅವನು ಹೇಳಿದ ಹಾಗೇ ಆಗಲಿ.

ನಿಮ್ಮಲ್ಲೂ ಅರೇಬಿಕಾ ಇದ್ದರೆ ಮುಂದಿನದ್ದು ನಿಮಗೂ ಸೇರಿದ್ದು. ದುಂಬಿ ಹೊರಬಂದು ಹಾರಾಡುವ ಕಾಲ ವರ್ಷಕ್ಕೆ ಎರಡು. ಏಪ್ರಿಲ್‌-ಮೇ ಒಂದು, ಅಕ್ಟೋಬರಿನಿಂದ ಡಿಸೆಂಬರ್ ಇನ್ನೊಂದು. ಅದಕ್ಕೆ ಮುಂಚೆ, ಅಂದರೆ ಈ ಸೆಪ್ಟೆಂಬರ್ ಒಳಗೆ, ಗಿಡ ಗಿಡ ನೋಡಬೇಕು. ಕಾಂಡದ ಮೇಲೆ ಹಗ್ಗ ಸುತ್ತಿದ ಹಾಗೆ ಉಬ್ಬು ಕಂಡರೆ, ಎಲೆ ಹಳದಿಯಾಗಿ ಜೋತುಬಿದ್ದಿದ್ದರೆ, ಬೇರಿನ ಹತ್ತಿರ ಸೀಳಿ ನೋಡಿ. ಬೋರರ್ ಇದ್ದರೆ ಬೇರು ಸಮೇತ ಕಿತ್ತು ಸುಡಬೇಕು. ಬುಡ ಬಿಟ್ಟು ಮೇಲೆ ಕಡಿದರೆ ಮರಿ ಬುಡದಲ್ಲೇ ಇರಬಹುದು. ಕಿತ್ತದ್ದನ್ನು ಸೌದೆ ಅಂತ ಲೈನ್ ಮನೆ ಹಿಂದೆ ಒಟ್ಟಿದರೆ ಅದರಿಂದಲೇ ದುಂಬಿ ಹಾರುತ್ತೆ. ಉಳಿದ ಗಿಡಗಳ ಸಡಿಲ ತೊಗಟೆಯನ್ನು ತೆಂಗಿನ ಸಿಪ್ಪೆಯಲ್ಲೋ ನಾರಿನ ಕೈಚೀಲದಲ್ಲೋ ತಿಕ್ಕಿ ನಯ ಮಾಡಿಸಿ, ಮೊಟ್ಟೆ ಇಡೋಕೆ ಬಿರುಕು ಸಿಗಬಾರದು. ಕತ್ತಿಯಲ್ಲಿ ಹೆರೆಸಬೇಡಿ, ಹಸಿ ತೊಗಟೆಗೆ ಗಾಯ ಆಗುತ್ತೆ. ಬಿಸಿಲಿಗೆ ಬಿದ್ದ ಗಿಡಗಳ ಕಾಂಡಕ್ಕೆ ಸುಣ್ಣ ಬಳಿಸಿ, 200 ಲೀಟರ್ ನೀರಿಗೆ 20 ಕೆಜಿ. ಆಳು ಕಡಿಮೆ ಇದ್ದರೆ ಬೇಲಿ ಬದಿ, ರಸ್ತೆ ಬದಿ, ಬಯಲು ಬಿದ್ದ ಜಾಗ, ಇಷ್ಟನ್ನಾದರೂ ಮೊದಲು ಮುಗಿಸಿ. ಕಳೆ ಹೊಡೆಯೋದು ಹದಿನೈದು ದಿನ ತಡ ಆದರೆ ಕಳೆ ಬೆಳೆಯುತ್ತೆ, ಅಷ್ಟೇ. ಬೋರರ್ ಹುಡುಕೋದು ತಡ ಆದರೆ ದುಂಬಿ ಹಾರಿ ಹೋಗಿರುತ್ತೆ.

ನಮ್ಮ ಏರಿನ ಆಚೆಗಿನ ತೋಟದ ಯಜಮಾನರು ಊರಲ್ಲಿಲ್ಲ. ಅಲ್ಲಿ ಮೂರು ವರ್ಷದಿಂದ ಒಂದು ಗಿಡ ಕಿತ್ತಿಲ್ಲ. ನನ್ನ ಬೇಲಿ ಬದಿಯ ಎರಡು ಸಾಲು ಯಾಕೆ ಹೋಗುತ್ತೆ ಅಂತ ನಿಮಗೆ ಅರ್ಥ ಆಗಿರಬಹುದು. ಅವರಿಗೆ ಫೋನ್ ಮಾಡಿ ಮಾತಾಡಿದ್ದೇನೆ. ನಮ್ಮ ಆಳುಗಳೇ ಬೇಲಿಯಿಂದ ಹತ್ತು ಸಾಲು ನೋಡಿಕೊಡ್ತಾರೆ, ಕೂಲಿ ನೀವು ಕೊಡಿ ಅಂದೆ, ಒಪ್ಪಿದ್ದಾರೆ. ಪಹಣಿಯಲ್ಲಿ ಗಡಿ ಇರೋದು ನಮಗೆ, ದುಂಬಿಗಲ್ಲ. ನಾನೊಬ್ಬ ಕಿತ್ತು ಸುಟ್ಟು ಪಕ್ಕದವರು ಬಿಟ್ಟರೆ ಇಬ್ಬರಿಗೂ ಉಪಯೋಗ ಇಲ್ಲ.

ಹಾಗಾಗಿ ಕೇಳಿಕೊಳ್ಳೋದು ಇಷ್ಟೇ. ಇದೇ 15ರಿಂದ ತಿಂಗಳ ಕೊನೆವರೆಗೆ ನಮ್ಮ ಹಳ್ಳದ ಎರಡೂ ಬದಿಯ ಅರೇಬಿಕಾದವರೆಲ್ಲ ಒಟ್ಟಿಗೆ ಈ ಕೆಲಸ ಹಿಡಿಯೋಣ. ಆಳು ಸಾಲದವರು ಮೊದಲೇ ಹೇಳಿ, ಮುಯ್ಯಾಳಿನ ಲೆಕ್ಕದಲ್ಲಿ ಹೊಂದಿಸೋಣ. ಉಬ್ಬು ಗುರುತಿಸೋಕೆ ಬರದ ಹೊಸ ಆಳುಗಳಿದ್ದರೆ ನಮ್ಮ ಮೇಸ್ತ್ರಿ ಬಂದು ಅರ್ಧ ದಿನ ತೋರಿಸಿಕೊಡ್ತಾರೆ, ಊಟ ಕೊಟ್ಟರೆ ಸಾಕು. ಎಷ್ಟು ಗಿಡ ಕಿತ್ತಿರಿ, ಯಾವ ಬದಿಯಲ್ಲಿ ಅನ್ನೋದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಅಕ್ಟೋಬರಿನಲ್ಲಿ ಎಲ್ಲರ ಹಾಳೆ ಪಕ್ಕ ಪಕ್ಕ ಇಟ್ಟು ನೋಡಿದರೆ ದುಂಬಿ ಎಲ್ಲಿಂದ ಬರ್ತಿದೆ ಅನ್ನೋದು ಕಾಣುತ್ತೆ.